ದೀಪಕ್ಕಲ್ಲ, ಕೆನ್ನೆಗೆ

ನಮಸ್ಕಾರ. ಅಟ್ಟದಲ್ಲಿದ್ದ ಹಳೇ ಫಿಲ್ಮ್ ಕ್ಯಾಮೆರಾ ಇಳಿಸಿ, ಈ ಸಲ ಪುತ್ತರಿಗೆ, ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಕಪ್ಪು-ಬಿಳುಪು ರೋಲ್ ಹಾಕಿಯೇ ಬಿಡೋಣ ಅಂತ ಹೊರಟವರಿಗೆ ಈ ಮಾತು. ಹೇಳುವುದು ಒಂದೇ. ಬೆಳಕು ಅಳೆಯುವ ಮೀಟರನ್ನು ದೀಪಕ್ಕೆ ಹಿಡಿಯಬೇಡಿ, ಕೆನ್ನೆಗೆ ಹಿಡಿಯಿರಿ. ಅದೂ ನೆರಳು ಬಿದ್ದ ಕಡೆಯ ಕೆನ್ನೆಗೆ.

ನಾನಿದನ್ನು ಪೆಟ್ಟು ತಿಂದೇ ಕಲಿತದ್ದು. ವಿರಾಜಪೇಟೆ ಹತ್ತಿರ ಗೆಳೆಯನ ಐನ್‌ಮನೆ, ಅಂದರೆ ಕುಟುಂಬದ ಹಿರಿಯರ ಮನೆ, ಪುತ್ತರಿ ರಾತ್ರಿ. ಕರೆಂಟು ಸಂಜೆಯೇ ಹೋಗಿತ್ತು, ಮನೆಯ ನಡುಹಜಾರವಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಕ್ಯಾಮೆರಾದೊಳಗೆ ಎಚ್‌ಪಿ5, 400ರ ಫಿಲ್ಮು. ಫಿಲ್ಮು ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ ಈ 400. ಅದನ್ನು 1600 ಅಂದುಕೊಂಡು ಹೊಡೆಯುವುದು, ಆಮೇಲೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಅಂದರೆ ಡೆವಲಪರಿನಲ್ಲಿ, ಜಾಸ್ತಿ ಹೊತ್ತು ಇಡುವುದು, ಇದಕ್ಕೇ ಪುಶ್ ಮಾಡುವುದು ಅನ್ನುತ್ತಾರೆ. ದೀಪ ಕಂಡದ್ದೇ ಮೀಟರಿನ ಮುಳ್ಳು ಜೋರಾಗಿ ಮೇಲೆದ್ದಿತು, ನಾನು ನಂಬಿದೆ. ಗೆಳೆಯನ ಅಜ್ಜಿ, ಮಕ್ಕಳು, ಕೋವಿ ಹಿಡಿದು ಗದ್ದೆಗೆ ಹೊರಟವರು, ಕದಿರು ಕೊಯ್ದದ್ದು, "ಪೊಲಿ ಪೊಲಿ ದೇವಾ" ಅಂತ ಕೂಗಿದ್ದು, ಎಲ್ಲಾ ಸೇರಿ 36 ಚಿತ್ರವೂ ಮುಗಿದವು.

ತೊಳೆದು ನೋಡಿದರೆ ದೀಪದ ಬತ್ತಿ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ! ಬತ್ತಿ ಮಾತ್ರ. ಅಜ್ಜಿಯ ಮುಖ ಇರಬೇಕಾದಲ್ಲಿ ನೆಗೆಟಿವ್ ಗಾಜಿನ ಹಾಗೆ ಖಾಲಿ. ಡೆವಲಪರಿನಲ್ಲಿ ಇನ್ನೆರಡು ನಿಮಿಷ ಇಟ್ಟಿದ್ದರೆ ಬರುತ್ತಿತ್ತು ಅಂತ ಒಬ್ಬರು ಹೇಳಿದರು. ಈಗಲೂ ಹೇಳುವವರಿದ್ದಾರೆ, ಕೇಳಿ ಕೇಳಿ ಸಾಕಾಗಿದೆ. ಬರುವುದಿಲ್ಲ ಸ್ವಾಮಿ! ಬೆಳಕು ತಾಗಿದ ಕಣಗಳನ್ನೇ ಡೆವಲಪರ್ ಬೆಳ್ಳಿ ಮಾಡಿ ಕಪ್ಪಾಗಿಸುವುದು. ತಾಗದ ಕಡೆ ಅರ್ಧ ಗಂಟೆ ಇಟ್ಟರೂ ಮಬ್ಬು ಬರುತ್ತದೆ, ಅಜ್ಜಿ ಬರುವುದಿಲ್ಲ.

ಮರುವರ್ಷ ಅದೇ ಮನೆ, ಅದೇ ದೀಪ. ಅಜ್ಜಿಯ ಪಕ್ಕ ಹೋಗಿ, ದೀಪ ಮೀಟರಿನ ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದು, ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಅಳೆದೆ. ಲೆನ್ಸಿನ ಕಿಂಡಿ ಎಫ್ 2, ಶಟರ್ ಸೆಕೆಂಡಿನ 15ನೇ ಒಂದು ಭಾಗ. ಕಂಬಕ್ಕೆ ಭುಜ ಒರಗಿಸಿ, ಅರ್ಧ ಉಸಿರು ಬಿಟ್ಟು ಒತ್ತಿದೆ. ಎಷ್ಟು ಹೊತ್ತು ಮಾಡುತ್ತೀಯಾ ಅಂತ ಅಜ್ಜಿ ಕೊಡವ ತಕ್ಕಿನಲ್ಲಿ ಬೈಯುತ್ತಿದ್ದರು. ಬೈಯುವ ಮುಖವೇ ಬಂತು, ಸುಕ್ಕು ಸಮೇತ.

ಅಯ್ಯೋ, ಸ್ಟುಡಿಯೋ ಗಾಜಿನಾಚೆಯಿಂದ ಸಮಯವಾಯಿತು ಅಂತ ಕೈ ತೋರಿಸುತ್ತಿದ್ದಾರೆ. ತೊಳೆಯುವುದನ್ನು ಬೇಗ ಹೇಳಿಬಿಡುತ್ತೇನೆ. ಐಡಿ-11 ಅನ್ನುವ ಡೆವಲಪರ್, ಕಲಸಿಟ್ಟದ್ದಕ್ಕೆ ಮತ್ತೆ ನೀರು ಬೆರೆಸದೆ, 20 ಡಿಗ್ರಿ. ಎಚ್‌ಪಿ5 ಅನ್ನು 400ಕ್ಕೆ ಹೊಡೆದಿದ್ದರೆ ಏಳೂವರೆ ನಿಮಿಷ, 1600ಕ್ಕೆ 14. ಪುತ್ತರಿ ಹೊತ್ತಿಗೆ ನಮ್ಮ ನಲ್ಲಿ ನೀರು ಕೊರೆಯುತ್ತಿರುತ್ತದೆ ಅಲ್ವಾ, ಅದಕ್ಕೆ ಬಕೆಟ್ಟಿನಲ್ಲಿ ಸ್ವಲ್ಪ ಬಿಸಿನೀರು ಬೆರೆಸಿ ಟ್ಯಾಂಕನ್ನು ಅದರೊಳಗೆ ನಿಲ್ಲಿಸಿ. ಇನ್ನು ಕಾಫಿಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿಯೂ ಫಿಲ್ಮ್ ತೊಳೆಯಬಹುದು. ಕಾಫಿ ಬೆಳೆಯುವ ನಾವೇ ಮಾಡದಿದ್ದರೆ ಹೇಗೆ? ಇನ್‌ಸ್ಟಂಟ್ ಪುಡಿಯೇ ಆಗಬೇಕು, ಚಿಕೋರಿ ಇಲ್ಲದ್ದು. ಹಬ್ಬದ ರೋಲಿಗೆ ಮಾತ್ರ ಮೊದಲೇ ಹಾಕಬೇಡಿ, ಅಂಗಳದ ನಾಯಿಯ ನಾಲ್ಕು ಚಿತ್ರ ತೆಗೆದು ಅದನ್ನು ತೊಳೆದು ನೋಡಿ. ನಮಸ್ಕಾರ.