ಜೂಲಿಯನ್ ಬ್ರೀಮ್: ಗಿಟಾರ್ ಒಂದು, ದನಿ ಹಲವು

ಕೇಳುಗರಿಗೆ ನಮಸ್ಕಾರ. ಗಿಟಾರ್ ಕಲಿಯುವ ಮಕ್ಕಳ ಅಪ್ಪ ಅಮ್ಮ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಕ್ಲಾಸಿಕಲ್ಲೋ ಜಾಝೋ, ಒಂದನ್ನೇ ಹಿಡಿಯಲಿ ಅಲ್ವಾ ಸಾರ್?' ಬೇಡ ಸ್ವಾಮಿ. ಎಲ್ಲವನ್ನೂ ನುಡಿಸಲಿ.

ಲಂಡನ್ನಿನ ಗಿಟಾರ್ ವಾದಕ ಜೂಲಿಯನ್ ಬ್ರೀಮ್ ಅವರನ್ನೇ ನೋಡಿ. ಹುಟ್ಟಿದ್ದು 1933ರಲ್ಲಿ. ಅಪ್ಪ ಜಾಝ್ ಗಿಟಾರ್ ನುಡಿಸುತ್ತಿದ್ದರು, ಮಗನಿಗೂ ಆ ಹುಚ್ಚು ಹತ್ತಿತು. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದರೆ ಅಲ್ಲಿ ಗಿಟಾರ್ ಪಾಠವೇ ಇಲ್ಲ! ಪಿಯಾನೊ, ಚೆಲ್ಲೊ ಕಲಿತರು. 1951ರಲ್ಲಿ ಲಂಡನ್ನಿನ ಹೆಸರಾಂತ ಸಂಗೀತ ಸಭಾಂಗಣ ವಿಗ್ಮೋರ್ ಹಾಲಿನಲ್ಲಿ ಕಛೇರಿ ಕೊಟ್ಟರು. ಆಮೇಲೆ ಸೈನ್ಯದ ಕಡ್ಡಾಯ ಸೇವೆ, ಅಲ್ಲಿ ಡಾನ್ಸ್ ಬ್ಯಾಂಡಿನಲ್ಲೂ ಗಿಟಾರ್ ಹಿಡಿದರು. ಇದೆಲ್ಲ ಸುಮ್ನೆ ಹೋಯಿತೇ? ಇಲ್ಲ.

ನನಗೆ ಬಲು ಇಷ್ಟದ ಸಂಗತಿ ಈಗ ಹೇಳುತ್ತೇನೆ. ಬ್ರೀಮ್ ಲೂಟ್ ಕೂಡ ನುಡಿಸುತ್ತಿದ್ದರು. ಲೂಟ್ ಅಂದರೆ ಗಿಟಾರಿನ ಹಳೇ ನೆಂಟ, ಬೆನ್ನು ಗುಂಡಗೆ. ಗಾಯಕ ಪೀಟರ್ ಪಿಯರ್ಸ್ ಹಾಡುವರು, ಇವರು ಲೂಟ್ ಹಿಡಿದು ಜೊತೆ ಕೊಡುವರು. ಹಾಡುತ್ತಿದ್ದುದು ಜಾನ್ ಡೌಲಂಡ್ ಎಂಬವರ ಹಳೇ ಹಾಡುಗಳು. ಪಿಯರ್ಸರ ಒಡನಾಡಿ, ಸಂಗೀತ ರಚಿಸುವ ಬೆಂಜಮಿನ್ ಬ್ರಿಟನ್. 1963ರಲ್ಲಿ ಬ್ರಿಟನ್ ಈ ಬ್ರೀಮ್‌ಗಾಗಿಯೇ ಗಿಟಾರಿಗೆ 'ನಾಕ್ಟರ್ನಲ್' ಬರೆದರು. ಡೌಲಂಡ್ 1597ರಲ್ಲಿ ಅಚ್ಚು ಹಾಕಿಸಿದ, ನಿದ್ದೆಯನ್ನು ಕರೆಯುವ ಹಾಡೊಂದನ್ನು ಇಟ್ಟುಕೊಂಡು ಕಟ್ಟಿದ ಕೃತಿ. ಸಾಮಾನ್ಯವಾಗಿ ಹಾಡು ಮೊದಲು, ಅದರ ಬೆಳವಣಿಗೆ ಆಮೇಲೆ ಅಲ್ವಾ? ಇಲ್ಲಿ ತಿರುಗಾಮುರುಗಾ. ಮೊದಲು ನಿದ್ದೆ ಬಾರದ ತಳಮಳ, ಕಸಿವಿಸಿ, ಕನಸು, ತೂಗಾಟ. ಹಾಡು ಬರುವುದು ಕಟ್ಟಕಡೆಗೆ. ಲೂಟ್ ಗೊತ್ತಿಲ್ಲದ ಗಿಟಾರ್‌ಗಾರನಿಗೆ ಇಂಥದ್ದು ಯಾರು ಬರೆದುಕೊಟ್ಟಾರು?

ಇನ್ನು ಅವರ ಬಲಗೈ. ಬ್ರಿಜ್, ಅಂದರೆ ಗಿಟಾರಿನ ಒಡಲ ಮೇಲೆ ತಂತಿ ಕಟ್ಟುವ ಪಟ್ಟಿ, ಅದರ ಕಡೆ ಸರಿದರೆ ತಂತಿ ಚುರುಕಾಗಿ, ಕರಕರ ಎನ್ನುತ್ತದೆ. ಕುತ್ತಿಗೆಯ ಕಡೆ ಬಂದರೆ ಅದೇ ಸ್ವರ ಮೆತ್ತಗೆ, ದುಂಡಗೆ. ಸಾಲಿನಿಂದ ಸಾಲಿಗೆ ಬ್ರೀಮ್ ಕೈ ಜಾಗ ಬದಲಿಸುತ್ತಿತ್ತು. ನಮ್ಮ ಹುಡುಗರು ತಂತಿಯ ಮೇಲೆ ಒಂದೇ ಕಡೆ ಬೆರಳಿಟ್ಟು ಗಂಟೆಗಟ್ಟಲೆ ಸ್ಕೇಲು ತಿರುವುತ್ತಾರೆ, ಏನು ಹೇಳೋಣ!

ಸಮಯ ಮುಗಿಯುತ್ತಾ ಬಂತು. ನಮ್ಮ ಅಲಿ ಅಕ್ಬರ್ ಖಾನರ ಸರೋದಿನ ಜೊತೆಗೂ ಅವರು ಕೂತು ನುಡಿಸಿದ್ದಾರೆ. ಇನ್ನೊಬ್ಬ ಗಿಟಾರ್ ವಾದಕ ಜಾನ್ ವಿಲಿಯಮ್ಸ್ ಜೊತೆಗಿನ ಜೋಡಿ ರೆಕಾರ್ಡುಗಳಿವೆ. 1984ರಲ್ಲಿ ಕಾರು ಅಪಘಾತದಲ್ಲಿ ಬಲ ಮೊಣಕೈ ಜಖಂ ಆಯಿತು, ಆದರೂ ವೇದಿಕೆಗೆ ಮರಳಿದರು. 2020ರಲ್ಲಿ ತೀರಿಕೊಂಡರು. ಮಕ್ಕಳಿಗೆ ಜಾಝೂ ಇರಲಿ, ಡೌಲಂಡೂ ಇರಲಿ, ಎಲ್ಲವನ್ನೂ ನುಡಿಸಲಿ. 'ನಾಕ್ಟರ್ನಲ್' ಕೇಳಿಸಿದರೆ ಮಾತ್ರ ನಡುವೆ ಎದ್ದು ಹೋಗಲು ಬಿಡಬೇಡಿ. ನಮಸ್ಕಾರ.