ಸೊಂಟದೊಳಗೊಂದು ಹುಳಿಬಟ್ಟಲು

ಕೇಳುಗರಿಗೆ ನಮಸ್ಕಾರ.

ನಮ್ಮ ಸಾಗರ ತಾಲೂಕಿನ ಹಂದಿಗೋಡು ಒಂದು ಕಾಯಿಲೆಗೆ ತನ್ನ ಹೆಸರು ಕೊಟ್ಟ ಊರು. 1970ರ ದಶಕದಲ್ಲಿ ಬೆಳಕಿಗೆ ಬಂದ, ವಂಶದಲ್ಲಿ ಹರಿದು ಬರುವ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ಸೊಂಟದ ಕೀಲನ್ನು. ನಡೆದರೆ ನೋವು, ಕುಕ್ಕರಗಾಲಲ್ಲಿ ಕೂತರೆ ಏಳುವುದು ಕಷ್ಟ. ಸೊಂಟದ ಎಕ್ಸ್‌ರೇ ವರದಿ ತಂದು ಓದಿದರೆ ಅದರಲ್ಲೊಂದು ಪದ ಸಿಗುತ್ತದೆ: ‘ಅಸಿಟಾಬ್ಯುಲಮ್’. ಓದಿದವರಿಗೂ ನಾಲಿಗೆ ತೊಡರುತ್ತದೆ.

ರೋಮಿನವರಿಗೆ ಅದು ಊಟದ ಮನೆಯ ಮಾತು. ಲ್ಯಾಟಿನ್‌ನಲ್ಲಿ ‘ಅಸೀಟಮ್’ ಅಂದರೆ ವಿನೆಗರ್, ಹುಳಿ ಬಂದ ದ್ರಾಕ್ಷಾರಸ. ಅದನ್ನು ಹಾಕಿಡುವ ಪುಟ್ಟ ಬಟ್ಟಲೇ ಅಸಿಟಾಬ್ಯುಲಮ್. ನಮ್ಮ ಪಾವು, ಚಟಾಕಿನಂತೆ ಅದು ಅಳತೆಯ ಹೆಸರೂ ಹೌದು. ಇಂದಿನ ಲೆಕ್ಕದಲ್ಲಿ ಸುಮಾರು 68 ಮಿಲಿಲೀಟರ್. ತೊಡೆಮೂಳೆಯ ಗುಂಡುತಲೆ ಕೂರುವ ಕುಳಿಗೂ ಅದೇ ಹೆಸರಾಯಿತು. ಈ ಕುಳಿಗೆ ಗ್ರೀಕರು ಹೇಳುತ್ತಿದ್ದ ‘ಕೊಟಿಲೆ’ ಕೂಡ ಬಟ್ಟಲೇ. ಕುಳಿಯ ಅಂಚಿನ ಮೃದ್ವಸ್ಥಿಗೆ ‘ಲೇಬ್ರಮ್’ ಎನ್ನುತ್ತಾರೆ, ಅಂದರೆ ತುಟಿ.

ಈ ಬಟ್ಟಲು ಒಂದೇ ಮೂಳೆಯದಲ್ಲ. ಇಲಿಯಮ್, ಇಸ್ಕಿಯಮ್, ಪ್ಯೂಬಿಸ್ ಮೂರೂ ಇಲ್ಲಿ ಸೇರಿ, ಹರೆಯ ಕಳೆಯುವ ಹೊತ್ತಿಗೆ ಬೆಸೆದುಕೊಳ್ಳುತ್ತವೆ. ಸೊಂಟದ ಕೀಲಿಗೆ ಗ್ರೀಕರು ಹೇಳುತ್ತಿದ್ದ ‘ಇಸ್ಕಿಯಾನ್’ನಿಂದ ಹುಟ್ಟಿದ ಪದವೇ ಲ್ಯಾಟಿನ್ ಬಾಯಲ್ಲಿ ಸವೆದು ‘ಸಯಾಟಿಕಾ’, ಅಂದರೆ ಸೊಂಟದಿಂದ ಕಾಲಿಗಿಳಿಯುವ ನೋವಿನ ಹೆಸರು, ಆಯಿತು. ಅಡಿಕೆ ತೋಟದಲ್ಲಿ ಸೊಂಟ ಹಿಡಿದುಕೊಂಡವರು ‘ನಂಗೆ ಸಯಾಟಿಕಾ ಕಣ್ರೀ’ ಅಂದರೆ ಅರ್ಧ ಗ್ರೀಕ್ ಮಾತಾಡಿದ ಹಾಗೇ.

ಯುರೋಪಿನಲ್ಲಿ ಒಂದೊಂದು ಅಂಗಕ್ಕೂ ಹಲವು ಹೆಸರು ಬೆಳೆದು ಗೊಂದಲವಾಗಿತ್ತು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಂಗರಚನಾ ಶಾಸ್ತ್ರಜ್ಞರು ಸೇರಿ ಸುಮಾರು 50,000 ಹೆಸರುಗಳನ್ನು 5,000ದಷ್ಟಕ್ಕೆ ಇಳಿಸಿದರು. ಅಸಿಟಾಬ್ಯುಲಮ್ ಉಳಿಯಿತು. ವೈದ್ಯರು ವೈದ್ಯರು ಮಾತಾಡಿಕೊಳ್ಳಲು ಅದು ಅನುಕೂಲ, ಒಪ್ಪುತ್ತೇನೆ. ರೋಗಿಯ ಎದುರು ‘ಬಟ್ಟಲು’ ಅಂದರೆ ಏನು ಕಡಿಮೆಯಾಗುತ್ತದೆ?

ಹಂದಿಗೋಡು ಕಾಯಿಲೆಯ ಶಾಸ್ತ್ರೀಯ ಹೆಸರಿನ ಕೊನೆಯಲ್ಲಿ ‘ಡಿಸ್‌ಪ್ಲೇಸಿಯಾ’ ಬರುತ್ತದೆ. ‘ಡಿಸ್’ ಅಂದರೆ ಕೆಟ್ಟ. ಉಳಿದದ್ದು ಜೇಡಿಮಣ್ಣಿಗೆ ಆಕಾರ ಕೊಡುವ ಗ್ರೀಕ್ ಕ್ರಿಯಾಪದದಿಂದ ಬಂದದ್ದು. ಪ್ಲಾಸ್ಟಿಕ್‌ಗೂ ಅದೇ ಮೂಲ. ಬೆಳೆಯುವ ವಯಸ್ಸಿನಲ್ಲಿ ಮೂಳೆ ಸರಿಯಾಗಿ ರೂಪ ತಾಳದಿದ್ದರೆ ಬಟ್ಟಲಿಗೂ ಗುಂಡುತಲೆಗೂ ಹೊಂದಿಕೆ ತಪ್ಪಿ, ಕೀಲು ಬೇಗ ಸವೆಯುತ್ತದೆ. ತೀರಾ ಸವೆದಾಗ ಶಸ್ತ್ರವೈದ್ಯರು ಕೃತಕ ಕೀಲು ಜೋಡಿಸುತ್ತಾರೆ. ಆ ಕುಳಿಯಲ್ಲಿ ಕೂರಿಸುವ ಭಾಗವನ್ನು ಆಪರೇಷನ್ ಥಿಯೇಟರಿನಲ್ಲಿ ಅವರೂ ‘ಕಪ್’ ಅಂತಲೇ ಕೇಳಿ ತೆಗೆದುಕೊಳ್ಳುತ್ತಾರೆ.