ಡಾಕ್ಟರು ಬುತ್ತಿ ಕಟ್ಟಿಕೊಂಡು ಬನ್ನಿ ಎಂದದ್ದೇಕೆ?

ನಮಸ್ಕಾರ. ವಿಜಯಪುರದಿಂದ ಮಾತನಾಡುತ್ತಿದ್ದೇನೆ. ಬಾಗಲಕೋಟೆಯ ನವನಗರದ ತಾಯಿಯೊಬ್ಬರು ಕಳುಹಿಸಿದ ಧ್ವನಿ ಸಂದೇಶವನ್ನು ಈ ವಾರ ನಾಲ್ಕು ಸಲ ಕೇಳಿದ್ದೇನೆ. ಮಗಳು ಹತ್ತನೇ ತರಗತಿ. ಮೊದಲು ಶ್ರಾವಣ ಸೋಮವಾರದ ಉಪವಾಸ ಎಂದಳು. ಆಮೇಲೆ ಶನಿವಾರವೂ ಸೇರಿತು. ಶ್ರಾವಣ ಮುಗಿದರೂ ಉಪವಾಸ ಮುಗಿಯಲಿಲ್ಲ. ಮನೋವೈದ್ಯರ ಬಳಿ ಹೋದರೆ, "ಮುಂದಿನ ಸಲ ಅಪ್ಪ, ಅವ್ವ, ತಮ್ಮ ಎಲ್ಲರೂ ಬನ್ನಿ, ಬುತ್ತಿ ಕಟ್ಟಿಕೊಂಡು ಬನ್ನಿ" ಎಂದರಂತೆ. ಆ ತಾಯಿಯ ಪ್ರಶ್ನೆ ಇದು: "ಕಾಯಿಲೆ ಅವಳಿಗೆ. ನಮ್ಮ ರೊಟ್ಟಿಯಿಂದ ಡಾಕ್ಟರಿಗೆ ಏನಾಗಬೇಕಿದೆ?"

ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ. ದಪ್ಪಗಾಗುವ ಭಯ ಊಟವನ್ನೇ ಕಿತ್ತುಕೊಳ್ಳುತ್ತದೆ. ಇದು ಹಟವಲ್ಲ, ಶೋಕಿಯೂ ಅಲ್ಲ. ಗಂಡುಮಕ್ಕಳಿಗೂ ಬರುತ್ತದೆ. ನಾಡಿಬಡಿತ ಇಳಿಯುತ್ತದೆ, ಮುಟ್ಟು ನಿಲ್ಲಬಹುದು, ಮೂಳೆ ಸವೆಯುತ್ತದೆ, ಜೀವವೂ ಹೋಗಬಹುದು.

ಇಷ್ಟು ತಿಳಿದರೆ ಸಾಕು. ಬುತ್ತಿಯ ವಿಷಯಕ್ಕೆ ಬರುತ್ತೇನೆ.

[ಪರದೆಯ ಮೇಲೆ: ಲಂಡನ್, 1874]

ಈ ಕಾಯಿಲೆಗೆ ಹೆಸರಿಟ್ಟ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್, ರೋಗಿಯನ್ನು ನೋಡಿಕೊಳ್ಳಲು ಬಂಧುಗಳಷ್ಟು ಕೆಟ್ಟವರು ಬೇರೆ ಯಾರೂ ಇಲ್ಲ ಎಂಬರ್ಥದ ಮಾತು ಬರೆದರು. ಆ ಮಾತು ನೂರು ವರ್ಷ ಬಾಳಿತು. ಮಗುವನ್ನು ಮನೆಯಿಂದ ದೂರವಿಡುವುದೇ ಚಿಕಿತ್ಸೆಯಾಯಿತು. ಎಷ್ಟು ತಾಯಂದಿರು ಆಸ್ಪತ್ರೆಯ ಬಾಗಿಲಾಚೆ ತಪ್ಪು ತಮ್ಮದೇ ಎಂದುಕೊಂಡು ಕುಳಿತಿದ್ದರೋ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಈ ನಂಬಿಕೆಯನ್ನು ತಲೆಕೆಳಗು ಮಾಡಿದವರು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು. ಜೆರಾಲ್ಡ್ ರಸೆಲ್, ಕ್ರಿಸ್ಟೋಫರ್ ಡೇರ್, ಐವನ್ ಐಸ್ಲರ್ ಮೊದಲಾದವರು 80 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಎಳೆಯ ವಯಸ್ಸಿನಲ್ಲಿ ಕಾಯಿಲೆ ಹತ್ತಿ, ಇನ್ನೂ ಮೂರು ವರ್ಷ ತುಂಬದವರಿಗೆ ಒಬ್ಬರೇ ಕುಳಿತು ಪಡೆಯುವ ಚಿಕಿತ್ಸೆಗಿಂತ ಕುಟುಂಬದ ಜೊತೆಗಿನ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿತ್ತು. ಅಲ್ಲಿಂದ ಬೆಳೆದದ್ದೇ ಕುಟುಂಬ ಆಧಾರಿತ ಚಿಕಿತ್ಸೆ.

ಇದರ ಎರಡನೇ ಭೇಟಿಯಲ್ಲಿ ಮನೆಯವರು ಊಟ ತಂದು ಚಿಕಿತ್ಸಕರ ಎದುರೇ ಉಣ್ಣಬೇಕು. ಅಕ್ಕಾ, ನಿಮಗೆ ಹೇಳಿದ್ದು ಅದನ್ನೇ!

ಆ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವ್ವ ಗಂಟು ಬಿಚ್ಚುತ್ತಾಳೆ. ಒಳಗೆ ಅರ್ಧ ರೊಟ್ಟಿ, ಎಣ್ಣೆಯಿಲ್ಲದ ಪಲ್ಯ, ನಾಲ್ಕು ಹೋಳು ಸೌತೆಕಾಯಿ. ಮಗಳು ಜಗಳವಾಡದೆ ತಿನ್ನುವುದು ಅಷ್ಟೇ ಎಂದು ಅವಳಿಗೆ ಗೊತ್ತು. ಅಂದರೆ ಈ ಬುತ್ತಿಯನ್ನು ಕಟ್ಟಿದ್ದು ಅವ್ವನ ಕೈ, ಕಟ್ಟಿಸಿದ್ದು ಕಾಯಿಲೆ. ಚಿಕಿತ್ಸಕರು ಗದರುವುದಿಲ್ಲ. "ಹಸಿದು ಸೊರಗಿದ ಮಗು ಚೇತರಿಸಿಕೊಳ್ಳಲು ಇಷ್ಟು ಸಾಕೇ?" ಎಂದು ಕೇಳುತ್ತಾರೆ. ಅವ್ವ ತಲೆ ತಗ್ಗಿಸುತ್ತಾಳೆ. ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು.

ಆಮೇಲೆ ಅಪ್ಪ ಒಂದು ಪಕ್ಕ, ಅವ್ವ ಇನ್ನೊಂದು ಪಕ್ಕ. ಮಗಳು ತಟ್ಟೆ ಸರಿಸುತ್ತಾಳೆ, ಅಳುತ್ತಾಳೆ. ಅಪ್ಪ ಮೊಬೈಲ್ ನೋಡುವಂತಿಲ್ಲ. ಅವ್ವ ಎದ್ದು ಹೋಗುವಂತಿಲ್ಲ. ಬೈಗುಳವಿಲ್ಲ, ಕ್ಯಾಲೊರಿಯ ವಾದವಿಲ್ಲ. ಇಬ್ಬರ ಬಾಯಲ್ಲೂ ಒಂದೇ ಮಾತು: "ಕಷ್ಟ ಅಂತ ಗೊತ್ತು, ಕೂಸೇ. ನಾವು ಇಲ್ಲೇ ಇದ್ದೇವೆ. ಇನ್ನೊಂದು ತುತ್ತು." ಚಿಕಿತ್ಸಕರು ತಾವು ಉಣ್ಣಿಸುವುದಿಲ್ಲ, ಅಪ್ಪ ಅವ್ವನಿಗೆ ದಾರಿ ತೋರಿಸುತ್ತಾರೆ. ಅಂದಿನ ಗುರಿ ತಟ್ಟೆ ಖಾಲಿ ಮಾಡಿಸುವುದಲ್ಲ. ಮಗಳು ಎಷ್ಟಕ್ಕೆ ನಿಲ್ಲಿಸಬೇಕೆಂದು ಬಂದಿದ್ದಳೋ ಅದಕ್ಕಿಂತ ಒಂದೇ ಒಂದು ತುತ್ತು ಹೆಚ್ಚು. ಆ ತುತ್ತು ಒಳಗೆ ಹೋದಾಗ ತಮ್ಮ ಕೈಲಿ ಇದು ಆಗುತ್ತದೆ ಎಂಬುದು ಹೆತ್ತವರಿಗೆ ತಿಳಿಯುತ್ತದೆ. ಈ ಇಡೀ ವಿಷಯದಲ್ಲಿ ನನ್ನ ಮನಸ್ಸು ಕಟ್ಟಿಹಾಕಿದ್ದು ಆ ಒಂದು ತುತ್ತು.

ಮೊದಲು ಅವಳ ಮನಸ್ಸಿನ ದುಃಖ ಕೇಳಬಾರದೇ ಎಂದು ನೀವು ಕೇಳಬಹುದು. 1944–45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ, ಒಪ್ಪಿ ಬಂದ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಅವರು ಹಗಲಿರುಳು ಅನ್ನದ್ದೇ ಧ್ಯಾನ ಮಾಡತೊಡಗಿದರು. ಕೆಲವರು ಅಡುಗೆ ಪುಸ್ತಕ ಕೂಡಿಟ್ಟರು. ಮಾತು ಕಡಿಮೆಯಾಯಿತು, ಸಿಡುಕು ಹೆಚ್ಚಿತು. ಗಟ್ಟಿಮುಟ್ಟಾದ ಗಂಡಸರ ಮನಸ್ಸನ್ನೇ ಹಸಿವು ಹೀಗೆ ತಿರುಚಿದರೆ ಹದಿನೈದರ ಹುಡುಗಿಯ ಗತಿಯೇನು? ಅದಕ್ಕೇ ಊಟ ಮೊದಲು, ಮಾತು ಆಮೇಲೆ.

ನಮ್ಮ ಕಡೆಯ ಮನೆಗಳಲ್ಲಿ ಒಂದು ತೊಡಕಿದೆ. ಅವ್ವ ಉಣ್ಣು ಎನ್ನುವಾಗ ಅಜ್ಜಿ "ಬೇಡ ಅಂದರೆ ಬಿಡವ್ವ, ಅಳಿಸಬೇಡ" ಎನ್ನುತ್ತಾಳೆ. ಕಾಕಾ ಬಂದವನೇ "ಈಗ ತೆಳ್ಳಗೆ ಚೆಂದ ಕಾಣುತ್ತೀ" ಎಂದುಬಿಡುತ್ತಾನೆ. ಒಂದು ವಾರದ ಶ್ರಮ ಆ ಒಂದು ಮಾತಿಗೆ ಹೋಗುತ್ತದೆ. ಅವರನ್ನೂ ಕೂರಿಸಿ ಹೇಳಲೇಬೇಕು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ತೂಕ ಮರಳಿದ ಮೇಲೆ ಊಟದ ಹೊಣೆಯನ್ನು ಮಗಳಿಗೆ ಸ್ವಲ್ಪಸ್ವಲ್ಪವಾಗಿ ಹಿಂದಿರುಗಿಸುತ್ತಾರೆ. ಕೊನೆಯಲ್ಲಿ ಓದು, ಗೆಳತಿಯರು, ಅವಳ ಹರೆಯದ ಮಾತು. ಎಲ್ಲ ಸೇರಿ ಆರು ತಿಂಗಳಿಂದ ಒಂದು ವರ್ಷ. 2010ರಲ್ಲಿ ಪ್ರಕಟವಾದ, 121 ಹದಿಹರೆಯದವರ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷಕ್ಕೆ ಈ ವಿಧಾನದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪೂರ್ತಿ ಗುಣವಾಗಿದ್ದರು. ಒಂಟಿಯಾಗಿ ಚಿಕಿತ್ಸೆ ಪಡೆದವರಲ್ಲಿ ಕಾಲು ಭಾಗಕ್ಕಿಂತ ತುಸು ಕಡಿಮೆ. ಎಲ್ಲರಿಗೂ ಹೊಂದುವುದಿಲ್ಲ ಎಂಬುದೂ ಈ ಲೆಕ್ಕದಲ್ಲೇ ಇದೆ. ಮನೆಯಲ್ಲಿ ಟೀಕೆ, ಜಗಳ ಹೆಚ್ಚಿದ್ದರೆ ಹೆತ್ತವರನ್ನೂ ಮಗುವನ್ನೂ ಬೇರೆಬೇರೆಯಾಗಿ ಕಾಣುವ ಕ್ರಮವಿದೆ. ತಲೆಸುತ್ತಿ ಬೀಳುವುದು, ನಾಡಿ ತೀರಾ ನಿಧಾನವಾಗುವುದು ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಬಹಳ ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಉಣ್ಣಿಸುವುದೂ ಅಪಾಯ, ಆರಂಭ ವೈದ್ಯರ ಕಣ್ಣೆದುರೇ ಆಗಬೇಕು. ಯಾರನ್ನು ಕೇಳಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಅಕ್ಕಾ, ಬುತ್ತಿಯಲ್ಲಿ ಏನು ಕಟ್ಟಲಿ ಎಂದೂ ನೀವು ಕೇಳಿದ್ದಿರಿ. ಎಷ್ಟು ಎಂಬುದನ್ನು ನಿಮ್ಮ ವೈದ್ಯರು ಹೇಳುತ್ತಾರೆ. ಏನು ಎಂಬುದು ನಿಮಗೇ ಗೊತ್ತು: ಎರಡು ವರ್ಷದ ಹಿಂದೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕುಳಿತು ಅವಳು ಕೇಳಿ ಕೇಳಿ ಹಾಕಿಸಿಕೊಂಡದ್ದು. ಸಜ್ಜೆ ರೊಟ್ಟಿಯೋ, ಎಣ್ಣೆಗಾಯಿಯೋ, ಶೇಂಗಾ ಹಿಂಡಿಯ ಮೇಲೆ ಗಟ್ಟಿ ಮೊಸರೋ. ನಿಮ್ಮ ಪಾಲು, ಅವಳಪ್ಪನ ಪಾಲು, ತಮ್ಮನ ಪಾಲು ಕಟ್ಟುವುದನ್ನು ಮರೆಯಬೇಡಿ. ಅಲ್ಲಿ ಎಲ್ಲರೂ ಉಣ್ಣಬೇಕು.